ಒಂದು ಗಂಟೆಯ ಜಮಾ-ಖರ್ಚು

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಯುರೋಪಿನ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಸರಿಯುತ್ತವೆ. ಅದಾದ ವಾರಕ್ಕೆ, ನವೆಂಬರ್ ಮೊದಲ ಭಾನುವಾರ, ಅಮೆರಿಕ ಮತ್ತು ಕೆನಡಾದ ಹೆಚ್ಚಿನ ಭಾಗಗಳ ಸರದಿ. ಅಲ್ಲಿ ರಾತ್ರಿ ಎರಡು ಗಂಟೆ ಆಗುವ ಹೊತ್ತಿಗೆ ಮತ್ತೆ ಒಂದು ಗಂಟೆ ಶುರುವಾಗುತ್ತದೆ. ಭಾನುವಾರ ಒಂದು ಗಂಟೆ ಹೆಚ್ಚು ನಿದ್ದೆ. ಸೋಮವಾರ ಕೆಲಸ ಮುಗಿಸಿ ಹೊರಗೆ ಕಾಲಿಟ್ಟರೆ ಐದು ಗಂಟೆಗೇ ಕತ್ತಲು. ಕ್ಯಾಲೆಂಡರ್ ಏನೇ ಹೇಳಲಿ, ಉತ್ತರದ ನಾಡುಗಳ ಜನರ ಪಾಲಿಗೆ ಚಳಿಗಾಲ ಕಾಲಿಡುವುದು ಆ ಸೋಮವಾರದ ಸಂಜೆಯೇ.

ವಸಂತದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ‘ಬೇಸಿಗೆ ಸಮಯ’ಕ್ಕೆ ಹೋಗುವ, ಚಳಿಗಾಲಕ್ಕೆ ಮತ್ತೆ ಹಿಂದಿಡುವ ಈ ಪದ್ಧತಿಗೆ ಈಗ ನೂರು ವರ್ಷ ಮೀರಿದೆ. ಎರಡು ಮಹಾಯುದ್ಧ, ಒಂದು ತೈಲ ಬಿಕ್ಕಟ್ಟು, ಹತ್ತಾರು ಕಾನೂನು, ಲೆಕ್ಕವಿಲ್ಲದಷ್ಟು ಸಂಶೋಧನೆಗಳನ್ನು ಅದು ಕಂಡಿದೆ. ಇದನ್ನು ನಿಲ್ಲಿಸಬೇಕೆಂಬ ಕೂಗು ಎರಡೂ ಖಂಡಗಳಲ್ಲಿ ಎದ್ದಿದೆ, ಎರಡೂ ಕಡೆ ಅರ್ಧ ದಾರಿಯಲ್ಲೇ ನಿಂತಿದೆ. ಆದ್ದರಿಂದ ಒಮ್ಮೆ ತಿರುಗಿ ನೋಡಿ ಜಮಾ-ಖರ್ಚು ಬರೆಯುವುದಕ್ಕೆ ಇದು ಸರಿಯಾದ ಹೊತ್ತು. ನಮ್ಮ ಮಾತು ಇಷ್ಟೇ: ಗಡಿಯಾರ ತಿರುಗಿಸಿ ಬೆಳಕನ್ನು ಉಳಿಸಲಾಗದು, ಹಂಚಬಹುದು ಅಷ್ಟೇ. ಸಂಜೆಗೆ ಕೊಟ್ಟ ಗಂಟೆಯನ್ನು ಬೆಳಗಿನಿಂದಲೇ ತೆಗೆಯಬೇಕು. ಹಾಗಿರುವಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು ಉಳಿಯಿತು’ ಎಂಬುದಲ್ಲ; ಯಾರಿಂದ ತೆಗೆದು ಯಾರಿಗೆ ಕೊಟ್ಟೆವು ಎಂಬುದು.

ಯುದ್ಧ ತಂದ ಬದಲಾವಣೆ

ಈ ಯೋಚನೆಯ ಹಿರಿಮೆಯನ್ನು ಬೆಂಜಮಿನ್ ಫ್ರಾಂಕ್ಲಿನ್ ಹೆಸರಿಗೆ ಬರೆಯುವ ರೂಢಿ ಉಂಟು. ಅದು ಸರಿಯಲ್ಲ. 1784ರಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದಕ್ಕೆ ಆತ ಬರೆದದ್ದು ವಿನೋದದ ಪತ್ರ. ಜನ ಬೇಗ ಎದ್ದರೆ ಮೇಣದಬತ್ತಿ ಉಳಿಯುತ್ತದೆ ಎಂದನೇ ಹೊರತು ಗಡಿಯಾರ ತಿರುಗಿಸಿ ಎನ್ನಲಿಲ್ಲ. ಗಡಿಯಾರಕ್ಕೆ ಮೊದಲು ಕೈಹಾಕಿದವರು ನ್ಯೂಜಿಲೆಂಡಿನ ಜಾರ್ಜ್ ವರ್ನನ್ ಹಡ್ಸನ್. ವೆಲಿಂಗ್ಟನ್ನಿನ ಅಂಚೆ ಕಚೇರಿಯಲ್ಲಿ ದುಡಿಯುತ್ತಿದ್ದ ಅವರು ಕೆಲಸ ಮುಗಿದ ಮೇಲೆ ಕೀಟಗಳನ್ನು ಹುಡುಕಿ ಹೊರಡುತ್ತಿದ್ದರು. ಸಂಜೆಯ ಬೆಳಕಿನ ಬೆಲೆ ಬಲ್ಲ ಅವರು 1895ರಲ್ಲಿ, ಬೇಸಿಗೆಯಲ್ಲಿ ಗಡಿಯಾರವನ್ನು ಎರಡು ಗಂಟೆ ಮುಂದಿಡಬೇಕೆಂದು ಅಲ್ಲಿನ ವಿದ್ವತ್ಸಭೆಯ ಮುಂದೆ ಪ್ರಬಂಧ ಓದಿದರು. ಆಗ ಯಾರೂ ಅದನ್ನು ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಹತ್ತು ಹನ್ನೆರಡು ವರ್ಷಗಳ ನಂತರ ಅದೇ ಯೋಚನೆ ಇಂಗ್ಲೆಂಡಿನ ವಿಲಿಯಂ ವಿಲೆಟ್‌ಗೆ ಸ್ವತಂತ್ರವಾಗಿ ಹೊಳೆಯಿತು. ಮನೆ ಕಟ್ಟಿಸುವ ಗುತ್ತಿಗೆದಾರರಾಗಿದ್ದ ಅವರು ಬೇಸಿಗೆಯ ಬೆಳಗ್ಗೆ ಕುದುರೆ ಸವಾರಿ ಹೊರಟಾಗ, ಸೂರ್ಯ ಮೇಲೆ ಬಂದಿದ್ದರೂ ಮನೆಗಳ ಕಿಟಕಿ ಪರದೆಗಳೆಲ್ಲ ಮುಚ್ಚಿರುವುದನ್ನು ಕಂಡು ಮರುಗಿದರು. 1907ರಲ್ಲಿ ಸ್ವಂತ ಖರ್ಚಿನಲ್ಲಿ ಪುಸ್ತಿಕೆ ಅಚ್ಚು ಹಾಕಿಸಿದರು. ಏಪ್ರಿಲ್ ತಿಂಗಳ ನಾಲ್ಕು ಭಾನುವಾರ ಇಪ್ಪತ್ತಿಪ್ಪತ್ತು ನಿಮಿಷ ಗಡಿಯಾರ ಮುಂದಿಡುವುದು, ಸೆಪ್ಟೆಂಬರಿನಲ್ಲಿ ಅದೇ ಕ್ರಮದಲ್ಲಿ ಹಿಂದಿಡುವುದು, ಇದು ಅವರ ಸಲಹೆ. ಜಿಗಿತವಲ್ಲ, ಮೆಲ್ಲನೆಯ ಸರಿದಾಟ. ಈ ಸೂಕ್ಷ್ಮವನ್ನು ಮುಂದೆ ಬಂದ ಯಾವ ಸರ್ಕಾರವೂ ಉಳಿಸಿಕೊಳ್ಳಲಿಲ್ಲ. 1908ರಲ್ಲಿ ಸಂಸತ್ತಿಗೆ ಬಂದ ಮಸೂದೆ ಬಿದ್ದುಹೋಯಿತು. ಹಣ, ಆಯುಷ್ಯ ಎರಡನ್ನೂ ಈ ಕೆಲಸಕ್ಕೆ ಸವೆಸಿದ ವಿಲೆಟ್ 1915ರಲ್ಲಿ ತೀರಿಕೊಂಡರು.

ಮರುವರ್ಷವೇ ಅವರ ಕನಸು ನನಸಾಯಿತು, ಅದೂ ಶತ್ರುದೇಶದಲ್ಲಿ. ಕಲ್ಲಿದ್ದಲು ಉಳಿಸಬೇಕಾಗಿದ್ದ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೆರಿ 1916ರ ಏಪ್ರಿಲ್ 30ರಂದು ಗಡಿಯಾರ ಮುಂದಿಟ್ಟವು. ಮೂರು ವಾರದಲ್ಲಿ, ಮೇ 21ಕ್ಕೆ, ಬ್ರಿಟನ್ ಅದನ್ನೇ ಅನುಸರಿಸಿತು. ಅಮೆರಿಕ 1918ರಲ್ಲಿ ಸೇರಿಕೊಂಡಿತು. ಅಲ್ಲಿಗೆ ಕೀಟಗಳ ಹುಡುಕಾಟ, ಕುದುರೆ ಸವಾರಿ ಹಿಂದೆ ಸರಿದು ಇಂಧನ ಉಳಿತಾಯವೇ ಈ ಪದ್ಧತಿಯ ಸಮರ್ಥನೆಯಾಗಿ ನಿಂತಿತು. ಇಂದಿಗೂ ಹೆಚ್ಚಿನವರು ಹೇಳುವ ಕಾರಣ ಅದೇ.

ಆ ಮೊದಲ ವರ್ಷಗಳಲ್ಲಿ ಬ್ರಿಟನ್ನಿನ ಗೃಹ ಇಲಾಖೆ ಜನರಿಗೆ ಹೊರಡಿಸಿದ ಸೂಚನೆಯೊಂದು ನಮ್ಮ ಗಮನ ಸೆಳೆಯುತ್ತದೆ. ಗಂಟೆ ಬಾರಿಸುವ ಗೋಡೆ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಕೂಡದು. ತಿರುಗಿಸಿದರೆ ಗಂಟೆ ಬಾರಿಸುವ ಯಂತ್ರ ಕೆಡುತ್ತದೆ. ಒಂದೋ ಹನ್ನೊಂದು ಗಂಟೆ ಮುಂದಕ್ಕೆ ತಿರುಗಿಸುತ್ತ, ಪ್ರತಿ ಗಂಟೆಗೂ ನಿಲ್ಲಿಸಿ ಪೂರ್ತಿ ಬಾರಿಸಲು ಬಿಡಬೇಕು. ಇಲ್ಲವೇ ಲೋಲಕವನ್ನು ಕೈಯಿಂದ ಹಿಡಿದು ನಿಲ್ಲಿಸಿ, ಒಂದು ಗಂಟೆ ಕಾದು, ಮತ್ತೆ ತೂಗಿಬಿಡಬೇಕು. ಹಳೆಯ ಗಡಿಯಾರ ಇರುವ ಮನೆಗಳಲ್ಲಿ ಈಗಲೂ ಮಾಡುವುದು ಹೀಗೆಯೇ. ಅಮೆರಿಕದ ಆಮ್‌ಟ್ರ್ಯಾಕ್ ರೈಲುಗಳದ್ದೂ ಇದೇ ಕ್ರಮ: ನವೆಂಬರಿನ ಆ ರಾತ್ರಿ ಓಡುತ್ತಿರುವ ರೈಲು, ವೇಳಾಪಟ್ಟಿಗಿಂತ ಮುಂಚೆ ಊರು ಮುಟ್ಟಬಾರದೆಂದು ಒಂದು ಗಂಟೆ ನಿಲ್ದಾಣದಲ್ಲಿ ನಿಂತು ಕಾಯುತ್ತದೆ. ಬೇಸಿಗೆಯಲ್ಲಿ ಸೂರ್ಯನನ್ನು ಬಿಟ್ಟು ಮುಂದೆ ಓಡಿದ ನಾವು ಚಳಿಗಾಲದ ಬಾಗಿಲಲ್ಲಿ ನಿಂತು, ಅವನು ಬಂದು ಕೂಡಿಕೊಳ್ಳುವ ತನಕ ಕಾಯುತ್ತೇವೆ. ವರ್ಷದ ಎರಡು ಬದಲಾವಣೆಗಳಲ್ಲಿ ಇದೇ ನೇರವಾದದ್ದು.

ರೈತರ ಹೆಸರು, ಬೇರೆಯವರ ಲಾಭ

ಇದು ರೈತರಿಗಾಗಿ ಮಾಡಿದ ಏರ್ಪಾಡು ಎಂಬ ನಂಬಿಕೆ ಅಮೆರಿಕದಲ್ಲಿ ಗಟ್ಟಿಯಾಗಿ ಬೇರೂರಿದೆ. ಇತಿಹಾಸ ಹೇಳುವುದು ಇದಕ್ಕೆ ತೀರ ವಿರುದ್ಧ. ಬೇಸಿಗೆ ಸಮಯವನ್ನು ಮೊದಲ ದಿನದಿಂದ ವಿರೋಧಿಸಿದವರು ರೈತರು. ಹುಲ್ಲಿನ ಮೇಲಿನ ಇಬ್ಬನಿ ಗಡಿಯಾರ ನೋಡಿ ಆರುವುದಿಲ್ಲ. ಅದು ಆರುವ ತನಕ ಕೊಯ್ಲು ಶುರುಮಾಡುವಂತಿಲ್ಲ. ಹಸು ಹಾಲು ಕೊಡುವುದು ತನ್ನ ಹೊತ್ತಿಗೆ. ಡೇರಿಯ ಗಾಡಿ ಬರುವುದು ಗಡಿಯಾರದ ಹೊತ್ತಿಗೆ. ಕೂಲಿಯಾಳುಗಳು ಗಡಿಯಾರದ ಲೆಕ್ಕದಲ್ಲಿ ಮನೆಗೆ ಹೊರಟರೆ ಹೊಲದಲ್ಲಿ ಕೆಲಸ ಬಾಕಿ. ರೈತರ ಒತ್ತಡಕ್ಕೆ ಮಣಿದ ಅಮೆರಿಕದ ಕಾಂಗ್ರೆಸ್ 1919ರಲ್ಲಿ, ಅಧ್ಯಕ್ಷ ವುಡ್ರೋ ವಿಲ್ಸನ್ನರ ವೀಟೊವನ್ನೂ ಮೀರಿ, ಈ ಕಾನೂನನ್ನು ರದ್ದು ಮಾಡಿತು.

ಎರಡನೆಯ ಮಹಾಯುದ್ಧ ಅದನ್ನು ಮತ್ತೆ ತಂದಿತು. ಯುದ್ಧ ಮುಗಿದ ಮೇಲೆ ಊರಿಗೊಂದು ಕಾಲಮಾನವಾಯಿತು. ವೆಸ್ಟ್ ವರ್ಜೀನಿಯಾದ ಮೌಂಡ್ಸ್‌ವಿಲ್‌ನಿಂದ ಒಹಾಯೋದ ಸ್ಟೂಬೆನ್‌ವಿಲ್‌ಗೆ 35 ಮೈಲಿ ಬಸ್ಸಿನಲ್ಲಿ ಹೋಗುವವರು ಕೈಗಡಿಯಾರವನ್ನು ಏಳು ಸಲ ತಿದ್ದಿಕೊಳ್ಳಬೇಕಿತ್ತು. 1965ರಲ್ಲಿ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಎಂಬ ಅಕ್ಕಪಕ್ಕದ ಊರುಗಳು ಎರಡು ವಾರ ಬೇರೆ ಬೇರೆ ಸಮಯದಲ್ಲಿ ಬದುಕಿದವು. ಈ ಗೊಂದಲಕ್ಕೆ 1966ರ ಏಕರೂಪ ಸಮಯ ಕಾಯಿದೆ ತೆರೆ ಎಳೆಯಿತು.

ಅಲ್ಲಿಂದ ಮುಂದೆ ಬೇಸಿಗೆ ಸಮಯ ಬೆಳೆಯುತ್ತಲೇ ಹೋಯಿತು. 1986ರಲ್ಲಿ ಅದನ್ನು ಏಪ್ರಿಲ್ ಆರಂಭಕ್ಕೆ ಎಳೆದಾಗ ಕಾಂಗ್ರೆಸ್ಸಿನ ಮುಂದೆ ಬಂದು ಲಾಭದ ಲೆಕ್ಕ ಕೊಟ್ಟವರಲ್ಲಿ ಗಾಲ್ಫ್ ಮೈದಾನಗಳವರು, ಹೊರಾಂಗಣ ಅಡುಗೆಯ ಒಲೆ ಮಾರುವವರು ಇದ್ದರು. 2007ರಿಂದ ಅದು ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಚಾಚಿಕೊಂಡಿದೆ. ಹೀಗಾಗಿ ಅಮೆರಿಕದಲ್ಲಿ ‘ಸಾಮಾನ್ಯ’ ಸಮಯ ಉಳಿದಿರುವುದು ವರ್ಷದ ಮೂರನೆಯ ಒಂದು ಭಾಗ ಮಾತ್ರ. ಸಂಜೆ ಬೆಳಕಿದ್ದರೆ ಜನ ಅಂಗಡಿಗೆ, ಮೈದಾನಕ್ಕೆ ಹೋಗುತ್ತಾರೆ, ಹಣ ಓಡಾಡುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ವ್ಯಾಪಾರದ ಲಾಭವನ್ನು ಇಂಧನದ ಉಳಿತಾಯ ಎಂದು ಜಮಾ ಬರೆಯಬಾರದು.

ಉಳಿದದ್ದೆಷ್ಟು?

ಹಾಗಾದರೆ ಇಂಧನ ಉಳಿಯಿತೇ? 2007ರ ವಿಸ್ತರಣೆಯ ಫಲವನ್ನು ಅಮೆರಿಕದ ಇಂಧನ ಇಲಾಖೆಯೇ ಅಳೆದು 2008ರಲ್ಲಿ ವರದಿ ಕೊಟ್ಟಿತು. ಉಳಿದದ್ದು ಸುಮಾರು 130 ಕೋಟಿ ಯೂನಿಟ್ ವಿದ್ಯುತ್. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಆ ದೇಶದ ವರ್ಷದ ಬಳಕೆಯಲ್ಲಿ ಅದರ ಪಾಲು ನೂರಕ್ಕೆ 0.03 ಮಾತ್ರ. ಇಂಡಿಯಾನಾ ರಾಜ್ಯದಲ್ಲಿ ಲೆಕ್ಕ ತಲೆಕೆಳಗಾಯಿತು. ಅಲ್ಲಿನ ಹೆಚ್ಚಿನ ಜಿಲ್ಲೆಗಳು 2006ರ ತನಕ ಗಡಿಯಾರ ಬದಲಿಸುತ್ತಿರಲಿಲ್ಲ. ಬದಲಿಸಲು ಶುರುಮಾಡಿದ ಮೇಲೆ ಮನೆಗಳ ವಿದ್ಯುತ್ ಬಿಲ್ಲುಗಳನ್ನು ಹೋಲಿಸಿ ನೋಡಿದ ಅರ್ಥಶಾಸ್ತ್ರಜ್ಞರಾದ ಮ್ಯಾಥ್ಯೂ ಕಾಚೆನ್ ಮತ್ತು ಲಾರಾ ಗ್ರಾಂಟ್‌ಗೆ ಕಂಡದ್ದು ನೂರಕ್ಕೆ ಸುಮಾರು ಒಂದರಷ್ಟು ಹೆಚ್ಚಿದ ಬಳಕೆ. ದೀಪದ ಖರ್ಚು ಇಳಿದಿತ್ತು. ಬಿಸಿಲಿಳಿಯದ ಸಂಜೆಗಳಲ್ಲಿ ಏಸಿಯ ಖರ್ಚು ಏರಿತ್ತು. 2000ದ ಒಲಿಂಪಿಕ್ಸ್‌ಗಾಗಿ ಆಸ್ಟ್ರೇಲಿಯಾದ ಕೆಲವು ರಾಜ್ಯಗಳು ಬೇಸಿಗೆ ಸಮಯವನ್ನು ಎರಡು ತಿಂಗಳು ಮೊದಲೇ ತಂದಾಗಲೂ ವಿದ್ಯುತ್ ಉಳಿಯಲಿಲ್ಲ.

ಕಾರಣ ಕಷ್ಟದ್ದೇನಲ್ಲ. 1916ರಲ್ಲಿ ಮನೆಯ ಇಂಧನವೆಂದರೆ ಬಹುಮಟ್ಟಿಗೆ ದೀಪ ಮತ್ತು ಒಲೆ. ಇಂದು ದೀಪ ಎಲ್‌ಇಡಿಯಾಗಿದೆ, ಅದರ ಪಾಲು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಕಾಯಿಸುವ, ತಂಪು ಮಾಡುವ ಯಂತ್ರಗಳು ಆ ಜಾಗವನ್ನು ತುಂಬಿವೆ. ಬಿಸಿಲ ನಾಡಾದ ಅರಿಜೋನಾ 1967ರ ಒಂದೇ ಬೇಸಿಗೆಯ ಅನುಭವ ಸಾಕೆಂದು ಮರುವರ್ಷ ಈ ಪದ್ಧತಿಯಿಂದ ಹೊರಬಂದದ್ದು ಇದೇ ಕಾರಣಕ್ಕೆ. ಬ್ರೆಜಿಲ್ 2019ರಲ್ಲಿ, ಮೆಕ್ಸಿಕೋದ ಹೆಚ್ಚಿನ ಭಾಗ 2022ರಲ್ಲಿ ಇದನ್ನು ಕೈಬಿಟ್ಟವು.

ಖರ್ಚಿನ ಕಡೆಗೆ ಬಂದರೆ ಮೊದಲ ಸಾಲು ದೇಹದ್ದು. ಮಿದುಳಿನಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಮೇಲ್ಗಡೆ, ದೇಹದ ಗಡಿಯಾರ ಇದೆ. ಅದನ್ನು ದಿನವೂ ಸರಿಪಡಿಸುವುದು ಬೆಳಗಿನ ಬೆಳಕು. ಈ ಜೈವಿಕ ಗಡಿಯಾರ ಕೆಲಸ ಮಾಡುವ ಬಗೆಯನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೇಲ್ ರೋಸ್‌ಬಾಶ್ ಮತ್ತು ಮೈಕೇಲ್ ಯಂಗ್‌ಗೆ 2017ರ ನೊಬೆಲ್ ಬಂತು. ಗೋಡೆಯ ಗಡಿಯಾರ ಒಂದೇ ರಾತ್ರಿಗೆ ಬದಲಾಗುತ್ತದೆ. ಒಳಗಿನದಕ್ಕೆ ದಿನಗಳೇ ಬೇಕು. ಸ್ವೀಡನ್ನಿನ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವಸಂತದಲ್ಲಿ ಗಡಿಯಾರ ಮುಂದಿಟ್ಟ ವಾರ ಹೃದಯಾಘಾತಗಳು ನೂರಕ್ಕೆ ಐದರಷ್ಟು ಹೆಚ್ಚುತ್ತವೆ. ಅಮೆರಿಕದಲ್ಲಿ ಅದೇ ವಾರ ಸಾವು ತರುವ ರಸ್ತೆ ಅಪಘಾತಗಳು ನೂರಕ್ಕೆ ಆರರಷ್ಟು ಏರುತ್ತವೆಂದು 2020ರ ಅಧ್ಯಯನ ಹೇಳಿತು.

ಶರತ್ಕಾಲದ ಬದಲಾವಣೆ ನಿರಪಾಯ ಎನ್ನುವಂತೆಯೂ ಇಲ್ಲ. ನಿದ್ದೆಗೆ ಒಂದು ಗಂಟೆ ಸೇರುತ್ತದೆ ನಿಜ, ಸ್ವೀಡನ್ನಿನ ಲೆಕ್ಕದಲ್ಲಿ ಆ ಸೋಮವಾರ ಹೃದಯಾಘಾತ ಕಡಿಮೆಯಾದದ್ದೂ ನಿಜ. ಆದರೆ ಡೆನ್ಮಾರ್ಕಿನಲ್ಲಿ 1995ರಿಂದ 2012ರವರೆಗಿನ ಆಸ್ಪತ್ರೆ ದಾಖಲೆಗಳು, ಗಡಿಯಾರ ಹಿಂದಿಟ್ಟ ನಂತರದ ವಾರಗಳಲ್ಲಿ ಖಿನ್ನತೆಯ ಪ್ರಕರಣಗಳು ನೂರಕ್ಕೆ ಹನ್ನೊಂದರಷ್ಟು ಹೆಚ್ಚಿದ್ದನ್ನು ತೋರಿಸಿದವು. ದಿನಕ್ಕೆರಡು ನಿಮಿಷದಂತೆ ಕುಗ್ಗುತ್ತ ಬಂದ ಸಂಜೆ ಒಮ್ಮೆಗೇ ಒಂದು ಗಂಟೆ ಕುಸಿದರೆ ಮನಸ್ಸು ತಡೆದುಕೊಳ್ಳುವುದು ಕಷ್ಟ. ಅಮೆರಿಕದ ರಸ್ತೆಗಳಲ್ಲಿ ಜಿಂಕೆಗಳು ವಾಹನಕ್ಕೆ ಸಿಕ್ಕುವುದು ಆ ವಾರ ನೂರಕ್ಕೆ 16ರಷ್ಟು ಹೆಚ್ಚುತ್ತದೆ. ಜಿಂಕೆ ಓಡಾಡುವುದು ಮುಸ್ಸಂಜೆಯಲ್ಲಿ. ಜನ ಮನೆಗೆ ಮರಳುವ ಹೊತ್ತೂ ಈಗ ಅದೇ ಕತ್ತಲಿಗೆ ಸರಿದಿರುತ್ತದೆ. ಕೆಡುಕಿನ ಮೂಲ ಬೇಸಿಗೆ ಸಮಯವೋ ಚಳಿಗಾಲದ ಸಮಯವೋ ಎನ್ನುವುದಕ್ಕಿಂತ ಮೊದಲು, ಅದು ಈ ಹಠಾತ್ ಜಿಗಿತದಲ್ಲಿದೆ.

ಮೂರು ಪ್ರಯೋಗ, ಒಂದೇ ಪಾಠ

ಜಿಗಿತ ನಿಲ್ಲಬೇಕು ಎನ್ನುವುದರಲ್ಲಿ ಬಹಳ ಜನಕ್ಕೆ ಭಿನ್ನಾಭಿಪ್ರಾಯವಿಲ್ಲ. ಯಾವ ಸಮಯದಲ್ಲಿ ನಿಲ್ಲಬೇಕು ಎಂಬಲ್ಲಿ ಜಗಳ. ಸಂಜೆಯ ಬೆಳಕಿನ ಆಸೆಗೆ ಬೇಸಿಗೆ ಸಮಯವನ್ನೇ ವರ್ಷವಿಡೀ ಇಟ್ಟುಕೊಳ್ಳೋಣ ಎಂಬ ಮಾತು ಜನಪ್ರಿಯ. ಇದನ್ನು ದೊಡ್ಡ ದೇಶಗಳು ಮಾಡಿಯೂ ನೋಡಿವೆ.

ಬ್ರಿಟನ್ 1968ರ ಅಕ್ಟೋಬರಿನಿಂದ 1971ರ ಅಕ್ಟೋಬರಿನವರೆಗೆ ಗಡಿಯಾರವನ್ನು ಹಿಂದಿಡಲೇ ಇಲ್ಲ. ಚಳಿಗಾಲದಲ್ಲಿ ಸ್ಕಾಟ್ಲೆಂಡಿನ ಉತ್ತರದ ಊರುಗಳಲ್ಲಿ ಸೂರ್ಯ ಹುಟ್ಟುವಾಗ ಹತ್ತು ಗಂಟೆ ಸಮೀಪಿಸುತ್ತಿತ್ತು. ಮಕ್ಕಳು ಬೆಳಕಿಗೆ ಹೊಳೆಯುವ ಪಟ್ಟಿಯನ್ನು ತೋಳಿಗೆ ಕಟ್ಟಿಕೊಂಡು ಕತ್ತಲಲ್ಲಿ ಶಾಲೆಗೆ ಹೋದರು. ಹಾಲಿನವರು, ಅಂಚೆಯವರು, ಕಟ್ಟಡ ಕಾರ್ಮಿಕರು, ರೈತರು ಬೇಡವೆಂದರು. 1970ರ ಡಿಸೆಂಬರಿನಲ್ಲಿ ಸಂಸತ್ತು 366-81 ಮತಗಳಿಂದ ಪ್ರಯೋಗವನ್ನು ಕೊನೆಗೊಳಿಸಿತು. ಸಂಜೆಯ ಅಪಘಾತಗಳು ಇಳಿದು ಒಟ್ಟು ಲೆಕ್ಕದಲ್ಲಿ ಜೀವ ಉಳಿದಿತ್ತು ಎಂಬ ವಾದ ಅಂದೂ ಇತ್ತು, ಇಂದೂ ಇದೆ. ಕುಡಿದು ಓಡಿಸುವುದರ ವಿರುದ್ಧ ಬಿಗಿ ಕಾನೂನು ಬಂದದ್ದೂ ಅದೇ ಅವಧಿಯ ಆಸುಪಾಸಿನಲ್ಲಾದ್ದರಿಂದ ಎರಡರ ಫಲವನ್ನು ಬೇರ್ಪಡಿಸುವುದು ಸುಲಭವಲ್ಲ.

ತೈಲ ಬಿಕ್ಕಟ್ಟಿನ ಬಿಸಿಯಲ್ಲಿ ಅಮೆರಿಕ 1974ರ ಜನವರಿ 6ರಿಂದ ಚಳಿಗಾಲದಲ್ಲೂ ಬೇಸಿಗೆ ಸಮಯ ಜಾರಿಗೆ ತಂದಿತು. ಹೊರಡುವ ಮುನ್ನ ನೂರಕ್ಕೆ 79 ಜನರ ಬೆಂಬಲವಿತ್ತು. ಫೆಬ್ರವರಿ ಹೊತ್ತಿಗೆ ಅದು 42ಕ್ಕೆ ಕುಸಿಯಿತು. ಕತ್ತಲಲ್ಲಿ ಬಸ್ಸಿಗೆ ಕಾಯುತ್ತಿದ್ದ, ರಸ್ತೆ ದಾಟುತ್ತಿದ್ದ ಮಕ್ಕಳಿಗೆ ವಾಹನ ಬಡಿದ ಸುದ್ದಿಗಳು ಫ್ಲಾರಿಡಾದಿಂದ ಒಂದರ ಹಿಂದೊಂದು ಬಂದವು. ಎರಡು ವರ್ಷದ ಪ್ರಯೋಗ ಎರಡನೆಯ ಚಳಿಗಾಲದವರೆಗೂ ಉಳಿಯಲಿಲ್ಲ. ಅದೇ ಅಕ್ಟೋಬರಿನಲ್ಲಿ ಗಡಿಯಾರ ಹಿಂದಕ್ಕೆ ಬಂತು.

ರಷ್ಯಾ 2011ರಲ್ಲಿ ಬೇಸಿಗೆ ಸಮಯವನ್ನು ಶಾಶ್ವತ ಮಾಡಿತು. ಕತ್ತಲ ಬೆಳಗುಗಳಿಂದ ಬೇಸತ್ತ ಜನರ ದೂರು ಮೂರು ಚಳಿಗಾಲ ಕೇಳಿ, 2014ರ ಅಕ್ಟೋಬರ್ 26ರಂದು ಚಳಿಗಾಲದ ಸಮಯವನ್ನೇ ಶಾಶ್ವತ ಮಾಡಿತು.

ಮೂರೂ ಕಡೆ ತೀರ್ಪು ಕೊಟ್ಟದ್ದು ಜನವರಿಯ ಬೆಳಗು. ಸಂಜೆಯ ಬೆಳಕನ್ನು ಜೂನ್ ತಿಂಗಳಲ್ಲಿ ಕೇಳಿದರೆ ಎಲ್ಲರೂ ಬೇಕೆನ್ನುತ್ತಾರೆ. ಅದರ ಬೆಲೆ ಕೊಡುವವರು ಚಳಿಗಾಲದ ನಸುಕಿನಲ್ಲಿ ಎದ್ದು ಹೊರಡುವವರು: ಶಾಲೆಯ ಮಕ್ಕಳು, ಪೌರಕಾರ್ಮಿಕರು, ದಾದಿಯರು, ಬಸ್ ಓಡಿಸುವವರು, ಕಟ್ಟಡ ಕೆಲಸದವರು. ತಡವಾಗಿ ಏಳಬಲ್ಲವರ ಸಂಜೆಗಾಗಿ ಬೇಗ ಏಳಲೇಬೇಕಾದವರ ಬೆಳಗನ್ನು ತೆಗೆಯುವ ಹಂಚಿಕೆ ನ್ಯಾಯವಲ್ಲ.

ಇಷ್ಟಾದರೂ ನಿರ್ಧಾರ ಮುಂದೆ ಸಾಗಿಲ್ಲ. 2018ರಲ್ಲಿ ಯುರೋಪಿಯನ್ ಒಕ್ಕೂಟ ಜನಾಭಿಪ್ರಾಯ ಕೇಳಿದಾಗ 46 ಲಕ್ಷ ಉತ್ತರಗಳು ಬಂದವು. ನೂರಕ್ಕೆ 84 ಜನ ಬದಲಾವಣೆ ಸಾಕು ಎಂದರು. 2019ರ ಮಾರ್ಚಿನಲ್ಲಿ ಯುರೋಪಿಯನ್ ಸಂಸತ್ತು 410-192 ಮತಗಳಿಂದ ಒಪ್ಪಿತು. 2021ಕ್ಕೆ ಎಲ್ಲ ಮುಗಿಯಬೇಕಿತ್ತು. ಯಾವ ಸಮಯ ಉಳಿಸಿಕೊಳ್ಳಬೇಕೆಂಬುದನ್ನು ದೇಶಗಳಿಗೇ ಬಿಟ್ಟಾಗ ಎತ್ತು ಏರಿಗೆ, ಕೋಣ ನೀರಿಗೆ ಎಳೆಯಿತು. ಸ್ಪೇನಿನ ಪಶ್ಚಿಮದಂಚಿನಲ್ಲಿ ಶಾಶ್ವತ ಬೇಸಿಗೆ ಸಮಯವೆಂದರೆ ಚಳಿಗಾಲದ ಸೂರ್ಯೋದಯ ಹತ್ತು ಗಂಟೆಗೆ; ಪೋಲೆಂಡಿನ ಪೂರ್ವದಂಚಿನಲ್ಲಿ ಈಗಲೇ ಡಿಸೆಂಬರಿನ ಸೂರ್ಯ ಮೂರೂವರೆಯೊಳಗೆ ಮುಳುಗುತ್ತಾನೆ. ಅಮೆರಿಕದ ಸೆನೆಟ್ 2022ರ ಮಾರ್ಚ್ 15ರಂದು ಶಾಶ್ವತ ಬೇಸಿಗೆ ಸಮಯದ ಮಸೂದೆಯನ್ನು ಯಾರ ವಿರೋಧವೂ ಇಲ್ಲದೆ ಅಂಗೀಕರಿಸಿತು. ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. 1974ರ ಪಾಠವನ್ನು ಅರ್ಧ ಶತಮಾನದಲ್ಲಿ ಮರೆತು ಸೆನೆಟ್ ಒಪ್ಪಿಗೆ ಕೊಟ್ಟದ್ದು ನಮಗೆ ಕಳವಳದ ಸಂಗತಿಯಾಗಿ ಕಾಣುತ್ತದೆ. ನಿದ್ರಾ ವೈದ್ಯರ ಅಮೆರಿಕನ್ ಅಕಾಡೆಮಿ 2020ರಲ್ಲೇ ಶಾಶ್ವತ ಸಮಯ ಬೇಕು, ಆದರೆ ಅದು ಚಳಿಗಾಲದ ಸಮಯವಾಗಿರಬೇಕು ಎಂದು ಹೇಳಿತ್ತು.

ನಮ್ಮ ಮನೆಗಳಿಗೂ ಮುಟ್ಟುವ ಗಂಟೆ

ಬೆಂಗಳೂರಿನ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ಉದ್ದದ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗಿಂತ ಕಡಿಮೆ, ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆಗಿಂತ ಹೆಚ್ಚು. ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ಈ ಅಂತರ ಅರಿವಾಗುವುದು ಮೊದಲ ನವೆಂಬರಿನಲ್ಲಿ. ರಾಹುಕಾಲ ನೋಡುವ ಮನೆಗಳಿಗೆ ಅದು ಪಂಚಾಂಗದಲ್ಲೇ ಕಾಣುತ್ತದೆ. ಹಗಲನ್ನು ಎಂಟು ಪಾಲು ಮಾಡುವ ಆ ಲೆಕ್ಕದಲ್ಲಿ ಒಂದು ಪಾಲು ನಮ್ಮೂರಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ; ಸಿಯಾಟಲ್‌ನಲ್ಲಿ ಜೂನ್ ತಿಂಗಳಿಗೆ ಅದು ಎರಡು ಗಂಟೆಗೆ ಹಿಗ್ಗಿ ಡಿಸೆಂಬರಿಗೆ ಒಂದು ಗಂಟೆಯಷ್ಟಕ್ಕೆ ಕುಗ್ಗುತ್ತದೆ. ಅಮೆರಿಕದ ಕನ್ನಡ ಕೂಟಗಳ ರಾಜ್ಯೋತ್ಸವಗಳು ನಡೆಯುವುದೂ ಗಡಿಯಾರ ಬದಲಾಗುವ ಹೊತ್ತಿನಲ್ಲೇ. 2020ರಲ್ಲಿ ನವೆಂಬರ್ 1 ಭಾನುವಾರವಾಗಿ ಎರಡೂ ಒಂದೇ ದಿನ ಕೂಡಿದ್ದವು. 2026ರ ನವೆಂಬರ್ 1 ಕೂಡ ಭಾನುವಾರವೇ.

ಊರಿನ ಮನೆಗಳಿಗೂ ಇದು ತಟ್ಟುತ್ತದೆ. ಶಿಕಾಗೋದ ಮಗಳು ಶನಿವಾರ ರಾತ್ರಿ ಒಂಬತ್ತಕ್ಕೆ ಮಾಡುವ ಫೋನು ಬೇಸಿಗೆಯಲ್ಲಿ ಶಿವಮೊಗ್ಗದ ಮನೆಗೆ ಭಾನುವಾರ ಬೆಳಗ್ಗೆ ಏಳೂವರೆಗೆ ಬರುತ್ತಿತ್ತು, ನವೆಂಬರಿನಿಂದ ಎಂಟೂವರೆಗೆ. ಅಪ್ಪ ಅಮ್ಮ ಇನ್ನೊಂದು ಗಂಟೆ ಕಾಯುತ್ತಾರೆ, ಅಷ್ಟೇ. ಬೆಂಗಳೂರಿನ ಐಟಿ ಕಚೇರಿಗಳ ಕತೆ ಅಷ್ಟು ಹಗುರವಲ್ಲ. ಕ್ಯಾಲಿಫೋರ್ನಿಯಾದ ಬೆಳಗಿನ ಒಂಬತ್ತರ ಮೀಟಿಂಗು ಇಲ್ಲಿ ರಾತ್ರಿ ಒಂಬತ್ತೂವರೆಯಿಂದ ಹತ್ತೂವರೆಗೆ ಜಾರುತ್ತದೆ. ಅದರೊಂದಿಗೆ ಕ್ಯಾಬ್ ಚಾಲಕರ, ಕ್ಯಾಂಟೀನಿನವರ, ಸೆಕ್ಯುರಿಟಿಯವರ ರಾತ್ರಿಗಳೂ ಜಾರುತ್ತವೆ. ಎಳೆಯ ಮಕ್ಕಳಿರುವ ತಾಯಂದಿರು ಮಲಗುವ ಹೊತ್ತು ಇನ್ನಷ್ಟು ಆಚೆ ಹೋಗುತ್ತದೆ. ಅಮೆರಿಕದ ಯಾವ ಜಮಾ-ಖರ್ಚಿನಲ್ಲೂ ಈ ಸಾಲು ಬರೆದಿಲ್ಲ. ಅಲ್ಲಿಯ ತಂಡ ಚಳಿಗಾಲದ ನಾಲ್ಕು ತಿಂಗಳು ಮೀಟಿಂಗನ್ನು ಒಂದು ಗಂಟೆ ಮುಂಚೆ ಇಟ್ಟುಕೊಂಡರೆ ಇಲ್ಲಿ ಏನೂ ಬದಲಾಗಬೇಕಿಲ್ಲ. ಈ ಮಾತನ್ನು ಮ್ಯಾನೇಜರುಗಳು ಕೇಳಬೇಕು. ಕೇಳುವುದು ನ್ಯಾಯವೂ ಹೌದು.

ಗಡಿಯಾರ ತಿರುಗಿಸುವ ಯೋಚನೆ ಭಾರತಕ್ಕೂ ಹೊಸದಲ್ಲ. 1906ರಲ್ಲಿ 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ ಭಾರತೀಯ ಸಮಯ ನಿಗದಿಯಾಯಿತು. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಅದನ್ನೂ ಒಂದು ಗಂಟೆ ಮುಂದಿಡಲಾಗಿತ್ತು. ಅಸ್ಸಾಮಿನ ಚಹಾ ತೋಟಗಳು ಇಂದಿಗೂ ದೇಶದ ಗಡಿಯಾರಕ್ಕಿಂತ ಒಂದು ಗಂಟೆ ಮುಂದೆ ನಡೆಯುತ್ತವೆ. ಅಲ್ಲಿ ಸೂರ್ಯ ಅಷ್ಟು ಬೇಗ ಬರುತ್ತಾನೆ. ಬೆಂಗಳೂರಿನ ಎನ್‌ಐಎಎಸ್ ಸಂಸ್ಥೆಯ ವಿದ್ವಾಂಸರಾದ ಡಿ. ಪಿ. ಸೇನ್‌ಗುಪ್ತ, ದಿಲೀಪ್ ಅಹುಜಾ ಮತ್ತು ಅವರ ಸಂಗಡಿಗರು ಭಾರತೀಯ ಸಮಯವನ್ನು ಕಾಯಂ ಆಗಿ ಅರ್ಧ ಗಂಟೆ ಮುಂದಿಟ್ಟರೆ ವರ್ಷಕ್ಕೆ 200 ಕೋಟಿ ಯೂನಿಟ್ಟಿಗೂ ಹೆಚ್ಚು ವಿದ್ಯುತ್ ಉಳಿಯುತ್ತದೆಂದು ಲೆಕ್ಕ ಹಾಕಿದರು. ಗೌರವದಿಂದ ಓದಬೇಕಾದ ಕೆಲಸ ಅದು. ಆದರೆ ಇಲ್ಲೂ ಹಂಚಿಕೆಯ ಪ್ರಶ್ನೆ ಬಿಡುವುದಿಲ್ಲ. ಆ ರೇಖಾಂಶಕ್ಕೆ ಪಶ್ಚಿಮದಲ್ಲಿರುವ ನಮ್ಮಲ್ಲಿ ಗಡಿಯಾರ ಈಗಾಗಲೇ ಸೂರ್ಯನಿಗಿಂತ ಮುಂದಿದೆ: ಬೆಂಗಳೂರಿನಲ್ಲಿ ಸುಮಾರು 20 ನಿಮಿಷ, ಮಂಗಳೂರಿನಲ್ಲಿ 30 ನಿಮಿಷ. ಜನವರಿ ಕೊನೆಯಲ್ಲಿ ಮಂಗಳೂರಿನ ಸೂರ್ಯೋದಯ ಏಳು ಗಂಟೆಯ ಹತ್ತಿರ. ಇನ್ನರ್ಧ ಗಂಟೆ ಸೇರಿಸಿದರೆ ಏಳೂವರೆ. ಈಶಾನ್ಯದ ಸಂಜೆಗೆ ಕೊಡುವ ಬೆಳಕನ್ನು ಕರಾವಳಿಯ ಶಾಲೆ ಮಕ್ಕಳ ಬೆಳಗಿನಿಂದ ತೆಗೆದಂತಾಗುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ನಮ್ಮ ನಾಡಿನಲ್ಲೇ ಚಾಲ್ತಿಯಲ್ಲಿದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ-ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬಿಸಿಲ ಝಳಕ್ಕೆ ನಾವು ಗಡಿಯಾರ ಮುಟ್ಟಲಿಲ್ಲ. ಕೆಲಸದ ವೇಳೆ ಬದಲಿಸಿದೆವು. ಯಾರಿಗೆ ಬೇಕೋ ಅವರಿಗೆ, ಯಾವಾಗ ಬೇಕೋ ಆಗ. ಪಕ್ಕದ ಜಿಲ್ಲೆಯವರ ನಿದ್ದೆ ಕೆಡಲಿಲ್ಲ.

ಚಳಿಗಾಲಕ್ಕೆ ಸ್ವಾಗತ

ಚಳಿಗಾಲದ ಬಗ್ಗೆ ಒಂದು ಅಂಜಿಕೆ ಇದೆ, ಅದನ್ನು ಅಲ್ಲಗಳೆಯಬಾರದು. ಬಿಸಿಲಿನ ಜೊಹಾನ್ಸ್‌ಬರ್ಗಿನಿಂದ ಅಮೆರಿಕಕ್ಕೆ ಬಂದ ಮನೋವೈದ್ಯ ನಾರ್ಮನ್ ರೋಸೆಂತಾಲ್, ಹಗಲು ಕುಗ್ಗಿದಂತೆ ತಮ್ಮ ಉತ್ಸಾಹವೂ ಕುಗ್ಗುವುದನ್ನು ಗಮನಿಸಿದರು. 1984ರಲ್ಲಿ ಅವರು ಮತ್ತು ಸಂಗಡಿಗರು ಚಳಿಗಾಲದ ಖಿನ್ನತೆಯನ್ನು ಒಂದು ಕಾಯಿಲೆಯಾಗಿ ವಿವರಿಸಿದರು. ಅದಕ್ಕೆ ಇಂದು ಬಳಕೆಯಲ್ಲಿರುವ ಒಂದು ಚಿಕಿತ್ಸೆ ಬೆಳಗ್ಗೆ ಅರ್ಧ ಗಂಟೆ 10,000 ಲಕ್ಸ್ ಪ್ರಖರತೆಯ ದೀಪದ ಮುಂದೆ ಕೂರುವುದು. ಇಲ್ಲೂ ಮದ್ದು ಬೆಳಗಿನ ಬೆಳಕೇ.

ಆದ್ದರಿಂದ ಉತ್ತರದ ನಾಡುಗಳಲ್ಲಿರುವ ನಮ್ಮವರಿಗೆ ಹೇಳಬೇಕಾದ ಮಾತುಗಳು ಕೆಲವಿವೆ. ನವೆಂಬರಿನಲ್ಲಿ ಬೆಳಗಿಗೆ ಮರಳಿ ಬಂದ ಗಂಟೆಯನ್ನು ಹಾಸಿಗೆಯಲ್ಲೇ ಕಳೆಯಬೇಡಿ, ಹೊರಗೆ ನಡೆಯಿರಿ. ಮೋಡ ಕವಿದ ದಿನದ ಬೆಳಕು ಕೂಡ ಕಚೇರಿಯ ದೀಪಕ್ಕಿಂತ ಹಲವು ಪಟ್ಟು ಪ್ರಖರ. ಬ್ರಿಟನ್ನಿನಲ್ಲಿ ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ಬಿಸಿಲಿನಿಂದ ಚರ್ಮ ಸಾಕಷ್ಟು ಡಿ ವಿಟಮಿನ್ ತಯಾರಿಸುವುದಿಲ್ಲ; ನಮ್ಮಂಥ ಕಂದು ಮೈಬಣ್ಣದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವುದನ್ನು ಯೋಚಿಸಬೇಕೆಂದು ಅಲ್ಲಿನ ಆರೋಗ್ಯ ಸೇವೆ ಸಲಹೆ ಕೊಡುತ್ತದೆ. ಊರಿನಿಂದ ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ, ಮಕ್ಕಳ ಮನೆಗೆ ಬಂದ ವಯಸ್ಸಾದ ತಂದೆತಾಯಿಗಳಿಗೆ ಇದು ಗೊತ್ತಿರುವುದಿಲ್ಲ. ಅವರನ್ನು ಕೇಳಿ, ಮನೆಗೆ ಕರೆಯಿರಿ, ಬಿಸಿ ಸಾರು ಬಡಿಸಿ. ನಾರ್ವೆಯ ಟ್ರೋಮ್ಸೋ ಊರಿನಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಅಲ್ಲಿನ ಜನ ಚಳಿಗಾಲವನ್ನು ಹೊರೆಯೆಂದುಕೊಂಡು ದಿನ ಎಣಿಸುವುದಿಲ್ಲ. ಹಿಮದಲ್ಲಿ ಸ್ಕೀ ಕಟ್ಟಿ ಹೊರಡುತ್ತಾರೆ, ಮೇಣದಬತ್ತಿ ಹಚ್ಚಿ ನೆರೆಹೊರೆಯನ್ನು ಕೂಡಿಸುತ್ತಾರೆ. ಕತ್ತಲನ್ನು ಅವರು ಜೊತೆಯಾಗಿ ಕಳೆಯುವುದನ್ನು ಕಲಿತಿದ್ದಾರೆ.

ನೂರು ವರ್ಷದ ಈ ಲೆಕ್ಕದ ಕೊನೆಗೆ ನಮ್ಮ ನಿಲುವು ಸ್ಪಷ್ಟ. ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುವುದು ನಿಲ್ಲಲಿ. ನಿಲ್ಲಿಸುವಾಗ ಸೂರ್ಯನಿಗೆ ಹತ್ತಿರವಾದ ಚಳಿಗಾಲದ ಸಮಯದಲ್ಲೇ ನಿಲ್ಲಲಿ. ಇದಕ್ಕೂ ಬೆಲೆ ಇದೆ: ಲಂಡನ್ನಿನ ಜೂನ್ ಸೂರ್ಯ ಬೆಳಗಿನ ಜಾವ ಮೂರೂ ಮುಕ್ಕಾಲಿಗೇ ಹುಟ್ಟುತ್ತಾನೆ, ಬೇಸಿಗೆಯ ಸಂಜೆ ಒಂದು ಗಂಟೆ ಚಿಕ್ಕದಾಗುತ್ತದೆ. ಆ ಸಂಜೆ ಬೇಕೆನ್ನುವ ಶಾಲೆಗಳು, ಕಚೇರಿಗಳು, ಕಾರ್ಖಾನೆಗಳು ಕಲಬುರಗಿಯ ಕಚೇರಿಗಳಂತೆ ಬೇಸಿಗೆಯಲ್ಲಿ ಬೇಗ ಬಾಗಿಲು ತೆರೆಯಲಿ. ಹೊಟ್ಟೆಪಾಡಿಗಾಗಿ ಕತ್ತಲಲ್ಲಿ ಏಳುವವರ ಬೆಳಗನ್ನು ಅದಕ್ಕಾಗಿ ಕಿತ್ತುಕೊಳ್ಳುವುದು ಬೇಡ. ಬ್ರಸೆಲ್ಸ್‌ನಲ್ಲಿ, ವಾಷಿಂಗ್ಟನ್ನಿನಲ್ಲಿ ಕಡತ ಮತ್ತೆ ತೆರೆದಾಗ ಶಾಸಕರು ಜೂನ್ ತಿಂಗಳ ಜನಮತವನ್ನಷ್ಟೇ ಓದದೆ ಜನವರಿಯ ಬೆಳಗ್ಗೆ ಏಳು ಗಂಟೆಗೆ ಒಂದು ಬಸ್ ನಿಲ್ದಾಣಕ್ಕೆ ಹೋಗಿ ನೋಡಲಿ. ಅಲ್ಲಿ ನಿಂತವರ ಮುಖ ಕಂಡ ಮೇಲೆ ಯಾವ ಕಡೆ ಮತ ಹಾಕಬೇಕೆಂದು ಅವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.